ಪದ್ಮಿನಿಯ ಎಸಿ ಪಂಪು

ಎಂಜಿನ್ನಿನಲ್ಲಿ ಆಯಿಲು ಕಡಿಮೆಯಾಗುವುದನ್ನು ಎಷ್ಟೋ ವರ್ಷಗಳಿಂದ ನೋಡಿದ್ದೇನೆ; ಹೆಚ್ಚಾಗುವುದನ್ನು ಕಂಡದ್ದು ಕಳೆದ ಮಳೆಗಾಲದ ಒಂದು ಭಾನುವಾರ. ತಂದೆಯವರು 1989ರಲ್ಲಿ ಕೊಂಡ, ಜನ ಫಿಯಾಟ್ ಎಂದೇ ಕರೆಯುವ ಪ್ರೀಮಿಯರ್ ಪದ್ಮಿನಿ ಕಾರು ಮುಂಬಯಿಯ ಮುಲುಂಡಿನ ನಮ್ಮ ಕಟ್ಟಡದ ಅಂಗಳದಲ್ಲಿ ನಿಂತಿತ್ತು. ಬಾನೆಟ್ ಎತ್ತಿ, ಆಯಿಲಿನ ಮಟ್ಟ ನೋಡುವ ಕಡ್ಡಿಯನ್ನು, ಅಂದರೆ ಡಿಪ್‌ಸ್ಟಿಕ್ಕನ್ನು, ಒರೆಸಿ ಮತ್ತೆ ಅದ್ದಿ ತೆಗೆದಾಗ ಆಯಿಲು ಮೇಲಿನ ಗೆರೆಯನ್ನು ದಾಟಿ ಅರ್ಧ ಬೆರಳಿನಷ್ಟು ಏರಿತ್ತು. ಕಡ್ಡಿಯ ತುದಿಯಲ್ಲಿ ಅಂಟಿಕೊಂಡು ನಿಲ್ಲಬೇಕಾದದ್ದು ನೀರಿನ ಹಾಗೆ ತೊಟ್ಟಿಕ್ಕುತ್ತಿತ್ತು. ಮೂಗಿನ ಬಳಿ ಹಿಡಿದರೆ ಪೆಟ್ರೋಲಿನ ವಾಸನೆ.

ಭಾಂಡುಪಿನಲ್ಲಿ ಗ್ಯಾರೇಜು ಇಟ್ಟಿರುವ, ಕಲಬುರಗಿ ಕಡೆಯ ಮೇಸ್ತ್ರಿಗೆ ಫೋನು ಮಾಡಿದೆ. ಅವರು ಪೂರ್ತಿ ಕೇಳಲೂ ಇಲ್ಲ. "ಎಣ್ಣಿ ಏರ್ಯದ ಅಂದ್ರ ಪೆಟ್ರೋಲ್ ಕೂಡ್ಯದ ರೀ ಸಾಹೇಬ್ರ. ಗಾಡಿ ಚಾಲೂ ಮಾಡಬ್ಯಾಡ್ರಿ, ಬೇರಿಂಗ್ ಹೋಗ್ತಾವ. ಎಸಿ ಪಂಪ್ ನೋಡಬೇಕು."

ಎಸಿ ಪಂಪಿಗೂ ತಂಪು ಗಾಳಿಗೂ ಸಂಬಂಧವಿಲ್ಲ. ನಮ್ಮ ಪದ್ಮಿನಿಯಲ್ಲಿ ತಂಪು ಗಾಳಿ ಬರುವುದು ಕಿಟಕಿಯಿಂದ ಮಾತ್ರ. ಎಸಿ ಎಂಬ ಹೆಸರಿನ ವಿದೇಶಿ ಕಂಪನಿಯೊಂದು ಹಿಂದೆ ಇಂಥ ಪೆಟ್ರೋಲ್ ಪಂಪುಗಳನ್ನು ಮಾಡುತ್ತಿದ್ದುದರಿಂದ ಗ್ಯಾರೇಜುಗಳಲ್ಲಿ ಆ ಹೆಸರು ಉಳಿದುಬಿಟ್ಟಿದೆ. ಎಂಜಿನ್ನಿನ ಪಕ್ಕಕ್ಕೆ ಕೂತ ಮುಷ್ಟಿಗಾತ್ರದ ಈ ಪಂಪಿನೊಳಗೆ ಬಟ್ಟೆ ಮತ್ತು ರಬ್ಬರು ಸೇರಿದ ಒಂದು ಪೊರೆ, ಅಂದರೆ ಡಾಯಫ್ರಮ್, ಇರುತ್ತದೆ. ಎಂಜಿನ್ನಿನೊಳಗಿನ ಕ್ಯಾಮ್‌ಶಾಫ್ಟು ಎಂಬ ದಂಡ ತಿರುಗಿದಂತೆಲ್ಲ ಪಂಪಿನ ಒಂದು ಸನ್ನೆಗೋಲು ಆ ಪೊರೆಯನ್ನು ಕೆಳಗೆಳೆದು ಟಾಕಿಯಿಂದ ಪೆಟ್ರೋಲನ್ನು ಹೀರುತ್ತದೆ; ಪೊರೆಯ ಕೆಳಗಿನ ಸ್ಪ್ರಿಂಗು ಅದನ್ನು ಮೇಲಕ್ಕೊತ್ತಿ ಪೆಟ್ರೋಲನ್ನು ಗಾಳಿಯೊಡನೆ ಬೆರೆಸುವ ಕಾರ್ಬೊರೇಟರಿಗೆ ದೂಡುತ್ತದೆ. ಪೊರೆ ಹರಿದರೆ ಪೆಟ್ರೋಲು ಕೆಳಗಿಳಿದು ಆಯಿಲಿನಲ್ಲಿ ಸೇರಿಕೊಳ್ಳುತ್ತದೆ.

ಮೇಸ್ತ್ರಿ ಬಂದು ಪಂಪನ್ನು ಬಿಚ್ಚಿದರು. ಪೊರೆಯ ಅಂಚಿನಲ್ಲಿ ಉಗುರಿನ ಉದ್ದದ ಸೀಳಿತ್ತು, ಉಳಿದ ಭಾಗವೂ ಒಣಗಿದ ಹಪ್ಪಳದಂತಾಗಿತ್ತು. ಈಗಿನ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥೆನಾಲ್ ಬೆರೆಸುವುದು ಹಳೆಯ ರಬ್ಬರಿಗೆ ಒಗ್ಗುವುದಿಲ್ಲ ಎಂಬುದು ನಿಜ. ಆದರೆ ಆ ಪೊರೆಯ ವಯಸ್ಸನ್ನು ನೋಡಿದರೆ ತಪ್ಪನ್ನೆಲ್ಲ ಎಥೆನಾಲಿನ ತಲೆಗೆ ಕಟ್ಟಲು ನನಗೆ ಮನಸ್ಸು ಬರುವುದಿಲ್ಲ.

ಈ ಕಾರು ತಯಾರಾದ ಕುರ್ಲಾದಲ್ಲೇ ಅದರ ಬಿಡಿಭಾಗ ಹುಡುಕಲು ಹೊರಟೆ. ಕಾರ್ಖಾನೆ ಹೋಗಿದೆ, ಪ್ರೀಮಿಯರ್ ರೋಡ್ ಎಂಬ ಹೆಸರು ಮಾತ್ರ ಇದೆ. ಪದ್ಮಿನಿಯ ತಯಾರಿಕೆ ನಿಂತು ಕಾಲು ಶತಮಾನವಾದರೂ ಇಷ್ಟು ದಿನ ಸಾಮಾನು ಸಿಗುತ್ತಿದ್ದುದು ಮುಂಬಯಿಯ ಕಪ್ಪು-ಹಳದಿ ಬಣ್ಣದ ಕಾಲಿ-ಪೀಲಿ ಟ್ಯಾಕ್ಸಿಗಳ ಪುಣ್ಯದಿಂದ. 2023ರ ಅಕ್ಟೋಬರಿನಲ್ಲಿ ಕೊನೆಯ ಪದ್ಮಿನಿ ಟ್ಯಾಕ್ಸಿಗೂ ಬಾಡಿಗೆಗೆ ಓಡಲು ಇದ್ದ ಇಪ್ಪತ್ತು ವರ್ಷದ ಅವಧಿ ಮುಗಿಯಿತು. ಓಡುವ ಗಾಡಿಯೇ ಇಲ್ಲದ ಮೇಲೆ ಅಂಗಡಿಯವರು ಯಾರಿಗಾಗಿ ಮಾಲು ತುಂಬಿಸಿಡಬೇಕು? ನಾಲ್ಕು ಅಂಗಡಿಗಳಲ್ಲಿ ಇಲ್ಲವೆಂದರು. ಐದನೆಯವರು "ಇದೂ ಕೂರುತ್ತದೆ" ಎಂದು ಹೊಳೆಯುವ ಹೊಸ ಪಂಪೊಂದನ್ನು ₹1,800ಕ್ಕೆ ಕೊಟ್ಟರು.

ಕೂರುವುದೇನೋ ಕೂತಿತು, ಎರಡು ಬೋಲ್ಟುಗಳ ತೂತುಗಳೂ ಸರಿಹೊಂದಿದವು. ಕೆಟ್ಟ ಆಯಿಲನ್ನು ಇಳಿಸಿ ಹೊಸದನ್ನು ತುಂಬಿಸಿ ಚಾಲೂ ಮಾಡಿದರೆ ಐದು ನಿಮಿಷದೊಳಗೆ ಕಾರ್ಬೊರೇಟರಿನ ಮೈಮೇಲೆ ಪೆಟ್ರೋಲು ಉಕ್ಕಿ ಹರಿಯಿತು, ಮೇಸ್ತ್ರಿ ಓಡಿಬಂದು ಚಾವಿ ತಿರುವಿ ನಿಲ್ಲಿಸಿದರು. ಬಿಸಿ ಎಕ್ಸಾಸ್ಟಿನ ಸನಿಹದಲ್ಲಿ ಪೆಟ್ರೋಲು ಹರಿಯುವುದನ್ನು ಕಂಡವರಿಗೆ ಆ ಕ್ಷಣ ಮರೆಯುವಂಥದ್ದಲ್ಲ. ಇಂಥ ಪಂಪಿನ ಒತ್ತಡವನ್ನು ನಿರ್ಧರಿಸುವುದು ಅದರೊಳಗಿನ ಸ್ಪ್ರಿಂಗು. ಬೇರೆ ಯಾವುದೋ ಗಾಡಿಗಾಗಿ ಮಾಡಿದ ಆ ಪಂಪಿನ ಸ್ಪ್ರಿಂಗು ಬಿರುಸಾಗಿದ್ದು, ನಮ್ಮ ಕಾರ್ಬೊರೇಟರು ತುಂಬಿದಾಗ ಅದರೊಳಗೆ ತೇಲುವ ಫ್ಲೋಟು ಮೇಲೆದ್ದು ಮುಚ್ಚಬೇಕಾದ ಸೂಜಿಯನ್ನೇ ತಳ್ಳಿಕೊಂಡು ಪೆಟ್ರೋಲನ್ನು ನುಗ್ಗಿಸುತ್ತಿತ್ತು. ಅಂಗಡಿಯವರು ಪಂಪನ್ನು ವಾಪಸು ತೆಗೆದುಕೊಳ್ಳಲಿಲ್ಲ.

ಎಲೆಕ್ಟ್ರಿಕ್ ಪಂಪು ಹಾಕಿಸಿಬಿಡು ಎಂದು ಮಾಟುಂಗಾದ ಭಾವ ಸಲಹೆ ಕೊಟ್ಟರು. ನನಗೆ ಒಪ್ಪಿಗೆಯಾಗಲಿಲ್ಲ. ಕ್ಯಾಮ್‌ಶಾಫ್ಟಿನ ಪಂಪು ಎಂಜಿನ್ನಿನೊಡನೆ ತಾನೂ ನಿಲ್ಲುತ್ತದೆ. ಎಲೆಕ್ಟ್ರಿಕ್ ಪಂಪಾದರೆ, ಅದನ್ನು ತಡೆಯುವ ಸ್ವಿಚ್ಚು ಬೇರೆಯಾಗಿ ಇಲ್ಲದಿದ್ದಲ್ಲಿ, ಗಾಡಿ ಗುದ್ದಿ ಎಂಜಿನ್ ನಿಂತ ಮೇಲೂ ಪೆಟ್ರೋಲನ್ನು ದೂಡುತ್ತಲೇ ಇರುತ್ತದೆ.

ಕೊನೆಗೆ ಮೇಸ್ತ್ರಿ ಹಳೆಯ ಪಂಪನ್ನೇ ಕೈಗೆತ್ತಿಕೊಂಡರು. ಅವರು ಹೇಳಿದಂತೆ ಯಂತ್ರಸಾಮಾನಿನ ಅಂಗಡಿಗಳ ನಾಗದೇವಿ ಸ್ಟ್ರೀಟಿಗೆ ಹೋಗಿ ಎಥೆನಾಲಿಗೆ ಜಗ್ಗದ, ನಡುವೆ ಬಟ್ಟೆಯ ಪದರವಿರುವ ವಿಟಾನ್ ಎಂಬ ರಬ್ಬರಿನ ಹಾಳೆಯ ತುಂಡೊಂದನ್ನು ತಂದೆ. ಪಂಪಿನ ಎರಡು ಹೋಳುಗಳು ಮತ್ತೆ ಜೋಡಿಸುವಾಗ ತಿರುಗಿ ಕೂರಬಾರದೆಂದು ಅವರು ಬಿಚ್ಚುವ ಮೊದಲೇ ಅರದಿಂದ ಗೀರಿ ಗುರುತು ಮಾಡಿದ್ದರು. ಹಳೆಯ ಪೊರೆ ಕುಗ್ಗಿದ್ದರಿಂದ ಅದನ್ನು ಅಳತೆಗೆ ಬಳಸದೆ, ಪಂಪಿನ ಅಂಚನ್ನೇ ಹಾಳೆಯ ಮೇಲಿಟ್ಟು ಪೆನ್ಸಿಲಿನಿಂದ ಗೆರೆ ಎಳೆದು ಕತ್ತರಿಸಿದರು. ನನಗೆ ಎಂದೂ ಹೊಳೆಯದಿದ್ದದ್ದು ಮುಂದಿನ ಕೆಲಸ: ಸ್ಕ್ರೂಗಳನ್ನು ಸಡಿಲವಾಗಿ ಕೂರಿಸಿ, ಸನ್ನೆಯನ್ನು ಹೆಬ್ಬೆರಳಿನಿಂದ ಕೊನೆಯವರೆಗೆ ಒತ್ತಿ ಹಿಡಿದುಕೊಂಡೇ ಒಂದೊಂದನ್ನೂ ಎದುರುಬದುರಾಗಿ ಬಿಗಿದರು. ಹಾಗೆ ಮಾಡದೆ ಬಿಗಿದರೆ ಪೊರೆ ಪ್ರತಿ ಎಳೆತಕ್ಕೂ ಹಿಗ್ಗಿ ತಿಂಗಳೊಳಗೆ ಹರಿಯುತ್ತದಂತೆ.

ಚಾಲೂ ಮಾಡಿದಾಗ ಕಾರ್ಬೊರೇಟರಿನ ಹೊರಮೈ ಒಣಗಿಯೇ ಇತ್ತು. ಮುಂದಿನ ಭಾನುವಾರ ಪದ್ಮಿನಿಯಲ್ಲೇ ಮಾಹಿಮಿನ ಕರ್ನಾಟಕ ಸಂಘಕ್ಕೆ ಹೋಗಿ ಬಂದು, ಎಂಜಿನ್ ಆರಿದ ಮೇಲೆ ಡಿಪ್‌ಸ್ಟಿಕ್ಕು ನೋಡಿದೆ. ಆಯಿಲು ಇದ್ದಲ್ಲೇ ಇತ್ತು. ಮಿಕ್ಕ ಹಾಳೆಯನ್ನು ಮೇಸ್ತ್ರಿ ನನ್ನಿಂದ ಕೇಳಿ ಇಟ್ಟುಕೊಂಡಿದ್ದಾರೆ. ಘಾಟ್ಕೋಪರಿನ ಇನ್ನೊಂದು ಫಿಯಾಟಿನ ಆಯಿಲೂ ಏರುತ್ತಿದೆಯಂತೆ.