ಸೈಟೋಸಿನ್ ಶೇ. 20 ಇದ್ದರೆ...

ಸೆಕೆಂಡ್ ಪಿಯುಸಿಯಲ್ಲಿ ಡಿಎನ್‌ಎ ಪಾಠ ಬಂದಾಗ ಲೆಕ್ಕದ ಹುಚ್ಚಿದ್ದ ಹುಡುಗರಿಗೆಲ್ಲ ಖುಷಿಯೋ ಖುಷಿ. ಡಿಎನ್‌ಎಯ ಎರಡು ಎಳೆಗಳಲ್ಲಿ ಅಕ್ಷರಗಳಂತೆ ಸಾಲಾಗಿ ಇರುವುದು ನಾಲ್ಕು ಬೇಸ್‌ಗಳು: ಅಡೆನಿನ್ (ಎ), ಥೈಮಿನ್ (ಟಿ), ಗ್ವಾನಿನ್ (ಜಿ), ಸೈಟೋಸಿನ್ (ಸಿ). ಒಂದು ಎಳೆಯ ಎಗೆ ಎದುರು ಎಳೆಯಲ್ಲಿ ಟಿ ಜೋಡಿ, ಜಿಗೆ ಸಿ ಜೋಡಿ. ಸೈಟೋಸಿನ್ ಶೇ. 20 ಇದ್ದರೆ ಅಡೆನಿನ್ ಎಷ್ಟು? ಸಿ 20 ಅಂದರೆ ಜಿ ಕೂಡ 20. ಉಳಿದ 60ರಲ್ಲಿ ಎ, ಟಿಗೆ ಸಮಪಾಲು. ಉತ್ತರ 30. ಸಿಇಟಿಗೆ ಇಷ್ಟು ಸಾಕಿತ್ತು. ನಮ್ಮ ಬಯಾಲಜಿ ಮೇಡಂಗೆ ಸಾಲುತ್ತಿರಲಿಲ್ಲ.

"ಒಂದೇ ಎಳೆಯಲ್ಲಿ ಎ 18, ಟಿ 34, ಜಿ 30, ಸಿ 18. ಈಗ ಇಡೀ ಡಿಎನ್‌ಎಯಲ್ಲಿ ಎ ಎಷ್ಟು?" ಎನ್ನುವರು. ಒಂಟಿ ಎಳೆಯಲ್ಲಿ ಎ, ಟಿ ಸಮ ಇರಲೇಬೇಕು ಅಂತೇನಿಲ್ಲ, ಅಲ್ವಾ? ಆದರೆ ಇಲ್ಲಿ ಟಿ ಇದ್ದಲ್ಲೆಲ್ಲ ಎದುರು ಎಳೆಯಲ್ಲಿ ಎ ಇರುತ್ತದೆ. ಹಾಗಾಗಿ ಆ ಕಡೆ ಎ 34. ಎರಡೂ ಕೂಡಿಸಿ ಅರ್ಧ ಮಾಡಿದರೆ 26. ಟಿಯೂ ಅಷ್ಟೇ. ಜಿ, ಸಿ ತಲಾ 24. ಸೂತ್ರ ಬರೆದುಕೊಳ್ಳಲು ಬಿಡುತ್ತಿರಲಿಲ್ಲ. ಎರಡು ಬಣ್ಣದ ಚಾಕ್‌ಪೀಸಿನಲ್ಲಿ ಎರಡು ಎಳೆ ಎಳೆದು, ಎದುರುಬದುರು ಅಕ್ಷರ ತುಂಬಿಸಲು ನಮ್ಮನ್ನೇ ಬೋರ್ಡಿಗೆ ಕರೆಯುವರು. ಈಗ ನಾನು ಲ್ಯಾಬಿನಲ್ಲಿ ಪ್ರೈಮರ್ (ಡಿಎನ್‌ಎ ಎಳೆಗೆ ಜೋಡಿಯಾಗಿ ಕೂರುವ ಪುಟ್ಟ ತುಣುಕು) ಬರೆಯುವಾಗಲೂ ಕಣ್ಣ ಮುಂದೆ ಬರುವುದು ಆ ಎರಡು ಬಣ್ಣಗಳೇ.

ಜೀವರಸಾಯನ ವಿಜ್ಞಾನಿ ಎರ್ವಿನ್ ಚಾರ್ಗಾಫ್ ಹೆಸರು ಬಂದರೆ ಮೇಡಂಗೆ ಟೈಮ್ ಗೊತ್ತಾಗುತ್ತಿರಲಿಲ್ಲ. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಚಾರ್ಗಾಫ್ ಪೇಪರ್ ಕ್ರೊಮೆಟೋಗ್ರಫಿಯಿಂದ (ಕಾಗದದ ಮೇಲೆ ದ್ರವ ಹರಿಸಿ ವಸ್ತುಗಳನ್ನು ಬೇರ್ಪಡಿಸುವ ವಿಧಾನ) ನಾಲ್ಕೂ ಬೇಸ್‌ಗಳನ್ನು ಬೇರೆ ಮಾಡಿ ಅಳೆದರು. ಯಾವ ಜೀವಿಯದ್ದಾದರೂ ಎ ಮತ್ತು ಟಿ ಹೆಚ್ಚುಕಮ್ಮಿ ಸಮ, ಜಿ ಮತ್ತು ಸಿ ಸಮ. 1950ರಲ್ಲಿ ಅದನ್ನು ಪ್ರಕಟಿಸಿದಾಗ, ಯಾಕೆ ಸಮ ಎಂಬುದಕ್ಕೆ ಉತ್ತರ ಇರಲಿಲ್ಲ. ಅದು ಸಿಕ್ಕಿದ್ದು 1953ರಲ್ಲಿ, ವಾಟ್ಸನ್ ಮತ್ತು ಕ್ರಿಕ್ ಜೋಡಿ ಎಳೆಯ ಮಾದರಿ ಕೊಟ್ಟ ಮೇಲೆ. ಅದಕ್ಕೆ ಸಿಕ್ಕ 1962ರ ನೊಬೆಲ್‌ನಲ್ಲಿ ಚಾರ್ಗಾಫ್ ಹೆಸರಿಲ್ಲ. ಮೇಡಂಗೆ ಅದು ಸ್ವಂತ ಅಣ್ಣನಿಗೆ ಆದ ಅನ್ಯಾಯದಂತೆ ಕಾಣುತ್ತಿತ್ತು. ನನಗೂ ಅವರ ಸಿಟ್ಟು ನ್ಯಾಯವೇ ಅನಿಸುತ್ತದೆ.

ಒಂದು ದಿನ ಸುಮ್ನೆ ನಾಲ್ಕು ಅಂಕಿ ಬರೆದರು: ಎ 24, ಟಿ 31, ಜಿ 23, ಸಿ 22. ಯಾವುದೂ ತಾಳೆಯಾಗಲಿಲ್ಲ. "ಮೇಡಂ, ಪ್ರಿಂಟಿಂಗ್ ಮಿಸ್ಟೇಕು" ಎಂದರು ಮುಂದಿನ ಬೆಂಚಿನವರು. ಅಲ್ಲ, ಅದು ಬ್ಯಾಕ್ಟೀರಿಯಾಗಳಿಗೆ ಗಂಟುಬೀಳುವ ಫೈಎಕ್ಸ್174 ಎಂಬ ವೈರಸ್ಸಿನದು. ಅದರ ಡಿಎನ್‌ಎಗೆ ಒಂದೇ ಎಳೆ ಎಂದು ರಾಬರ್ಟ್ ಸಿನ್‌ಶೈಮರ್ 1959ರಲ್ಲಿ ತೋರಿಸಿದ್ದರು. ಎದುರಿಗೆ ಜೋಡಿಯೇ ಇಲ್ಲದ ಮೇಲೆ ಅಂಕಿ ಸಮ ಆಗುವುದೆಲ್ಲಿ!

"ಬ್ಯಾಕ್ಟೀರಿಯಾ ಒಳಗೆ ಹೊಕ್ಕ ಮೇಲೆ ಇದಕ್ಕೆ ಎದುರು ಎಳೆ ತಯಾರಾಗುತ್ತದೆ. ಆಗ ಎ ಎಷ್ಟು?" ಎಂದರು ಮೇಡಂ.

"ಇಪ್ಪತ್ತೇಳೂವರೆ!" ಹಿಂದಿನ ಬೆಂಚಿನಿಂದ ಬಂತು ಉತ್ತರ.