ಐದು ಆ್ಯಕ್ಸಿಸ್ ಮಷೀನಿಗಿಂತ ಮೊದಲು ಅಳತೆಯ ಕೋಣೆ

ಬೆಳಗಾವಿ ಜಿಲ್ಲೆಯ ಹತ್ತರಗಿಯ ವಿಶೇಷ ಆರ್ಥಿಕ ವಲಯದಲ್ಲಿ ವಿಮಾನದ ಬಿಡಿಭಾಗ ಮಾಡುವ ಏಕಸ್ ಜೊತೆ ಕೆನಡಾದ ಮೆಗೆಲನ್, ಸ್ವೀಡನ್ನಿನ ಸಾಬ್‌ನಂಥ ಕಂಪನಿಗಳು ಕೈಜೋಡಿಸಿದ ಮೇಲೆ ಬೆಳಗಾವಿಯ ಕೈಗಾರಿಕಾ ಪ್ರದೇಶಗಳಾದ ಉದ್ಯಮಬಾಗ, ಮಚ್ಛೆಯ ಮಷೀನ್ ಶಾಪುಗಳಲ್ಲೂ ಆ ಕೆಲಸದ ಮಾತು ಕೇಳಿಬರುತ್ತದೆ. ಮಾತು ಶುರುವಾಗುವುದು ಮಾತ್ರ ಐದು ಅಕ್ಷಗಳಲ್ಲಿ ಚಲಿಸಿ ಲೋಹ ಕಡಿಯುವ ಐದು ಆ್ಯಕ್ಸಿಸ್ ಮಷೀನಿನ ಬೆಲೆಯಿಂದ. ಹೈಡ್ರಾಲಿಕ್ಸ್‌ನಲ್ಲಿ ಪಳಗಿದ ಬೆಳಗಾವಿಗೆ ಲೋಹ ಕಡಿಯುವುದನ್ನು ಯಾರೂ ಕಲಿಸಬೇಕಿಲ್ಲ. ಬಹುರಾಷ್ಟ್ರೀಯ ಕಂಪನಿಗಳ ಕೆಲಸದಲ್ಲಿ ನಮ್ಮವರು ಎಡವುವುದು ಅಳತೆಯಲ್ಲಿ, ಅದರ ದಾಖಲೆಯಲ್ಲಿ.

ಮೊದಲು ಉಷ್ಣತೆ. ಡ್ರಾಯಿಂಗಿನ ಪ್ರತಿ ಅಳತೆಯೂ 20 ಡಿಗ್ರಿ ಸೆಲ್ಸಿಯಸ್‌ಗೆ ಲೆಕ್ಕ. ಅಲ್ಯೂಮಿನಿಯಂ ಒಂದು ಮೀಟರಿಗೆ, ಒಂದು ಡಿಗ್ರಿಗೆ ಸುಮಾರು 23 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್) ಹಿಗ್ಗುತ್ತದೆ. ಏಪ್ರಿಲ್ ಮಧ್ಯಾಹ್ನ ಶಾಪಿನೊಳಗೆ 35 ಡಿಗ್ರಿ ಇದ್ದರೆ ಅರ್ಧ ಮೀಟರಿನ ಜಾಬ್, ಅಂದರೆ ಕಡಿದ ಬಿಡಿಭಾಗ, 170 ಮೈಕ್ರಾನ್‌ನಷ್ಟು ಉದ್ದವಾಗಿರುತ್ತದೆ. ಅಳೆಯುವ ಉಕ್ಕಿನ ಗೇಜೂ ಹಿಗ್ಗುತ್ತದಲ್ಲ ಎನ್ನಬಹುದು. ಅದು ಹಿಗ್ಗುವುದು ಇದರ ಅರ್ಧ, ಉಳಿದ 85 ಮೈಕ್ರಾನ್ ತಪ್ಪು ಹಾಗೇ ಉಳಿಯುತ್ತದೆ. ಟಾಲರೆನ್ಸ್ (ಒಪ್ಪುವ ಹೆಚ್ಚುಕಡಿಮೆ) 50 ಮೈಕ್ರಾನ್ ಇದ್ದರೆ ಒಳ್ಳೆಯ ಜಾಬೇ ರಿಜೆಕ್ಟ್. ಮಷೀನಿನಿಂದ ಇಳಿದದ್ದನ್ನು ತಕ್ಷಣ ಅಳೆಯಬೇಡಿ. ಏಸಿ ಕೋಣೆಯಲ್ಲಿ ಅಳತೆಯ ಗ್ರಾನೈಟ್ ಕಲ್ಲಿನ ಮೇಲೆ ಕೆಲವು ಗಂಟೆ ಬಿಡಿ. ದಪ್ಪ ಜಾಬ್ ಆದರೆ ರಾತ್ರಿಯಿಡೀ.

ಇನ್ನು ಗೇಜು ಮತ್ತು ಅದನ್ನು ಹಿಡಿಯುವ ಕೈ ಎಷ್ಟು ನಂಬಿಕೆಯವು ಎಂಬ ಪರೀಕ್ಷೆ. 10 ಜಾಬ್, 3 ಜನ, ತಲಾ 3 ಸಲ: ಒಟ್ಟು 90 ರೀಡಿಂಗ್. ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಕಾಣಬಾರದು. ಅಳತೆಯಿಂದಲೇ ಬರುವ ಏರುಪೇರು ಒಟ್ಟು ಏರುಪೇರಿನ ಶೇ. 10ರ ಒಳಗಿದ್ದರೆ ಸರಿ, 30 ದಾಟಿದರೆ ಆ ಗೇಜ್ ನಂಬುವ ಹಾಗಿಲ್ಲ. ಚೆಂದ ಕಾಣುವ ಹತ್ತು ಜಾಬ್ ಆರಿಸಿ ಇಟ್ಟರೆ ಲೆಕ್ಕವೇ ಕೆಡುತ್ತದೆ; ದಿನದ ಉತ್ಪಾದನೆಯಲ್ಲಿ ಬರುವ ಸಣ್ಣದು, ದೊಡ್ಡದು ಎರಡೂ ಅದರಲ್ಲಿರಬೇಕು.

ತೆಳು ಗೋಡೆಯ ಜಾಬ್ ಕ್ಲಾಂಪಿನಲ್ಲಿ ಸಪಾಟಾಗಿದ್ದು, ಬಿಚ್ಚಿದೊಡನೆ ಬಿಲ್ಲಾಗುತ್ತದೆ. ವಿಮಾನದ ಕೆಲಸದ ಅಲ್ಯೂಮಿನಿಯಂ ಮಿಶ್ರಲೋಹವಾದ 7050-ಟಿ7451ರ ಪ್ಲೇಟನ್ನು ಲೋಹದ ಗಿರಣಿಯಲ್ಲೇ ಎಳೆದು ಒಳಒತ್ತಡ ಇಳಿಸಿರುತ್ತಾರೆ, ಆದರೂ ಪೂರ್ತಿ ಹೋಗಿರುವುದಿಲ್ಲ. ಎರಡೂ ಬದಿ ರಫಿಂಗ್ (ಮೊದಲ ಒರಟು ಕಡಿತ) ಮಾಡಿ, 2-3 ಮಿ.ಮೀ. ಉಳಿಸಿ, ಕ್ಲಾಂಪ್ ಪೂರ್ತಿ ಸಡಿಲಿಸಿ. ಬಾಗುವಷ್ಟು ಬಾಗಲಿ. ಮತ್ತೆ ಹಿಡಿಯುವಾಗ ಡಯಲ್ ಗೇಜ್ ಹಚ್ಚಿ ನೋಡಿ, ಸಂದಿಗೆ ಶಿಮ್ (ತೆಳು ತಗಡು) ಕೊಡಿ. ಬೋಲ್ಟ್ ಬಿಗಿದು ನೇರ ಮಾಡಿದರೆ ಅದೇ ಬಾಗು ಫಿನಿಶಿಂಗ್ ಆದಮೇಲೆ ವಾಪಸ್ ಬರುತ್ತದೆ.

ಅಲ್ಯೂಮಿನಿಯಂ ಮೇಲೆ ಗಟ್ಟಿ ಆಕ್ಸೈಡ್ ಪದರ ಬೆಳೆಸುವ ಹಾರ್ಡ್ ಅನೊಡೈಸಿಂಗ್ ಇದ್ದರೆ ಮುಂಚೆಯೇ ಲೆಕ್ಕ ಹಾಕಿ. 50 ಮೈಕ್ರಾನ್ ಪದರದಲ್ಲಿ ಸುಮಾರು ಅರ್ಧ ಮೇಲ್ಮೈಗಿಂತ ಮೇಲೆ ಬೆಳೆಯುತ್ತದೆ, ಅಂದರೆ ರಂಧ್ರದ ವ್ಯಾಸ 50 ಮೈಕ್ರಾನ್ ಕಡಿಮೆ. ಡ್ರಾಯಿಂಗಿನ ಅಳತೆ ಪದರಕ್ಕೆ ಮೊದಲಿನದೋ ನಂತರದ್ದೋ ಎಂದು ಗ್ರಾಹಕರಿಂದ ಬರಹದಲ್ಲೇ ತರಿಸಿಕೊಳ್ಳಿ. ಈ ಕೆಲಸವನ್ನು ಗ್ರಾಹಕರು ಒಪ್ಪಿದ, ನ್ಯಾಡ್‌ಕ್ಯಾಪ್ (ವಿಮಾನೋದ್ಯಮದ ವಿಶೇಷ ಪ್ರಕ್ರಿಯೆಗಳ ಮಾನ್ಯತೆ) ಪಡೆದ ಕಡೆಯೇ ಕೊಡಿ. ಸರ್ಟಿಫಿಕೇಟಿನಲ್ಲಿ ಸ್ಪೆಸಿಫಿಕೇಶನ್ನಿನ ರಿವಿಜನ್ ಪರ್ಚೇಸ್ ಆರ್ಡರಿಗೆ ತಾಳೆಯಾಗದಿದ್ದರೆ, ಜಾಬ್ ಎಷ್ಟೇ ಚೆನ್ನಾಗಿದ್ದರೂ ಅಲ್ಲೇ ನಿಲ್ಲುತ್ತದೆ.

ವಿಮಾನೋದ್ಯಮದ ಮಾನದಂಡವಾದ ಎಎಸ್ 9102ರ ಮೊದಲ ಜಾಬಿನ ವರದಿಗೆ ಮೂರು ಫಾರ್ಮ್: ಒಂದರಲ್ಲಿ ಪಾರ್ಟ್ ನಂಬರು, ಎರಡರಲ್ಲಿ ಮಟೀರಿಯಲ್ ಮತ್ತು ವಿಶೇಷ ಪ್ರಕ್ರಿಯೆ, ಮೂರರಲ್ಲಿ ಡ್ರಾಯಿಂಗಿನಲ್ಲಿ ಬಲೂನ್ (ವೃತ್ತದೊಳಗಿನ ಕ್ರಮಸಂಖ್ಯೆ) ಹಾಕಿದ ಪ್ರತಿ ಅಳತೆ. ಡ್ರಾಯಿಂಗಿನ ಟಿಪ್ಪಣಿಗಳಿಗೂ ಬಲೂನ್ ಬೇಕು. ಹೆಚ್ಚಾಗಿ ಬಿಟ್ಟುಹೋಗುವುದು ಅವೇ. ಮುಂದೆ ಜಾಬಿನ ಫಿಟ್, ಆಕಾರ ಅಥವಾ ಕೆಲಸಕ್ಕೆ ತಟ್ಟಬಹುದಾದಂತೆ ಪ್ರೋಗ್ರಾಮ್, ಟೂಲಿಂಗ್ ಇಲ್ಲವೇ ಜಾಗ ಬದಲಾದರೆ, ಬದಲಾದ ಭಾಗಕ್ಕೆ ಮತ್ತೆ ವರದಿ. ಎರಡು ವರ್ಷ ಉತ್ಪಾದನೆ ನಿಂತರೂ ಹೊಸದಾಗಿ ಮಾಡಬೇಕು. ವರ್ಷಕ್ಕೆ ನಾಲ್ಕೇ ಜಾಬ್ ಬರುವ ಆರ್ಡರಿಗೆ ರೇಟ್ ಕೊಡುವಾಗ ಈ ಖರ್ಚನ್ನು ಬೇರೆ ಸಾಲಿನಲ್ಲಿ ತೋರಿಸಿ.