ಸೋಂದೆಯ ಬೇಣದಲ್ಲಿ ನೀಲಿಗಟ್ಟಿದ ಅಣಬೆ

ಕುಮಟೆಯಿಂದ ದೇವಿಮನೆ ಘಟ್ಟ ಹತ್ತುವಾಗಲೇ ಮಂಜು ಕವಿದಿತ್ತು. ಶಿರಸಿಯಲ್ಲಿ ಬಸ್ಸಿಳಿದು ಸೋಂದೆ ಕಡೆಯ ಗೆಳೆಯನ ಮನೆ ಮುಟ್ಟುವ ಹೊತ್ತಿಗೆ ಆಷಾಢದ ಮಳೆ ತುಸು ಹೊಳವಾಗಿತ್ತು. ಅಡಿಕೆ ತೋಟಗಳಲ್ಲಿ ಕೊಳೆ ಔಷಧಿ ಹೊಡೆಯುವ ಗಡಿಬಿಡಿ. ನಾವು ಹೊರಟಿದ್ದು ಸೊಪ್ಪಿನ ಬೆಟ್ಟಕ್ಕೆ.

ಗೆಳೆಯನ ಅಮ್ಮ ಮುಂದೆ, ನಾವು ಹಿಂದೆ. ಹುತ್ತದ ಸುತ್ತ ಬಿಳಿ ಅಣಬೆ ಎದ್ದಿತ್ತು. ಗೆದ್ದಲು ನೆಲದಡಿ ಕೃಷಿ ಮಾಡುವ ಟರ್ಮಿಟೊಮೈಸಿಸ್ ಶಿಲೀಂಧ್ರ ಮಳೆ ಬಿದ್ದ ಮೇಲೆ ಹೀಗೆ ಹೊರಬರುತ್ತದೆ. ಅವರು ಮಣ್ಣಿಗೆ ಬೆರಳಿಳಿಸಿ, ದಂಟು ಬೇರಿನಂತೆ ಆಳಕ್ಕೆ ಹೋಗಿದೆಯೆಂದು ಖಾತ್ರಿಯಾದ ಮೇಲಷ್ಟೇ ಕಿತ್ತರು.

ಬೇಣ, ಅಂದರೆ ಹುಲ್ಲುಗಾವಲು ದಾಟುವಾಗ ಎಮ್ಮೆ ಸಗಣಿಯ ಮೇಲೆ ಸಣ್ಣ ದಂಟಿನ ಬೇರೆಯೇ ಅಣಬೆಗಳು. "ಅದು ನಮ್ಗೆ ಬ್ಯಾಡ" ಎನ್ನುತ್ತ ಅವರು ಮುಂದೆ ನಡೆದರು. ನಾನು ಕುಕ್ಕರಗಾಲಲ್ಲಿ ಕೂತೆ. ಗೊರಸು ತಾಗಿ ಮುರಿದ ಒಂದರ ದಂಟು ಮೈಲುತುತ್ತದ ಹಾಗೆ ನೀಲಿಗಟ್ಟಿತ್ತು. ಎಷ್ಟೋ ಕಾಲದಿಂದ ಕಣ್ಣಾರೆ ನೋಡಬೇಕೆಂದಿದ್ದ ಬಣ್ಣ ಅದು!

ಸೈಲೊಸೈಬಿ, ಪೆನಿಯೋಲಸ್ ಕುಲದ ಕೆಲವು ಸಗಣಿ ಅಣಬೆಗಳಲ್ಲಿ ಸೈಲೊಸೈಬಿನ್ ಎಂಬ ಮತ್ತೇರಿಸುವ ರಾಸಾಯನಿಕ ಇರುತ್ತದೆ. ಸ್ವಿಟ್ಜರ್ಲೆಂಡಿನ ರಸಾಯನಶಾಸ್ತ್ರಜ್ಞ ಆಲ್ಬರ್ಟ್ ಹಾಫ್ಮನ್ 1958ರಲ್ಲಿ ಮೆಕ್ಸಿಕೋದ ಅಣಬೆಯಿಂದ ಅದನ್ನು ಬೇರ್ಪಡಿಸಿದರು. ಅಣಬೆಗೆ ಗಾಯವಾದರೆ ಅದರದೇ ಕಿಣ್ವ ಸೈಲೊಸೈಬಿನ್ನಿನ ಫಾಸ್ಫೇಟನ್ನು ಕಳಚುತ್ತದೆ. ಉಳಿದ ಸೈಲೊಸಿನ್ ಉತ್ಕರ್ಷಣಗೊಂಡು, ಒಂದಕ್ಕೊಂದು ಬೆಸೆದು ನೀಲಿಯಾಗುತ್ತದೆ. ತಿಂದವರ ಒಡಲಲ್ಲೂ ಅದೇ ಫಾಸ್ಫೇಟ್ ಕಳಚುತ್ತದೆ. ಆಗ ಸೆರೊಟೋನಿನ್ನನ್ನು ಹೋಲುವ ಸೈಲೊಸಿನ್ ಮಿದುಳಿನ ಸೆರೊಟೋನಿನ್ ಗ್ರಾಹಕಗಳಿಗೆ ಅಂಟಿ ನೋಟವನ್ನೂ ಕಾಲದ ಅರಿವನ್ನೂ 'ನಾನು' ಎಂಬ ಭಾವವನ್ನೂ ಕಲಕಿಬಿಡುತ್ತದೆ. ಸಗಣಿಯ ಮೇಲೆ ಇಂಥ ರಸಾಯನ ಹುಟ್ಟುವುದು ನನಗೆ ಇಂದಿಗೂ ಬೆರಗು.

ಇಷ್ಟು ಕೇಳಿದ್ದೇ ಗೆಳೆಯನ ತಮ್ಮ ಕಣ್ಣರಳಿಸಿ ಕೈಚಾಚಿದ. ಮುಟ್ಟಲು ಬಿಡಲಿಲ್ಲ. ಅಣಬೆಗಳಲ್ಲಿ ಒಂದರಂತೆ ಇನ್ನೊಂದು ಇರುವುದೇ ದೊಡ್ಡ ಅಪಾಯ, ನೀಲಿಯನ್ನು ನಂಬಿ ಗುರುತು ಹಿಡಿಯಲಾಗದು ಎಂದೆ. ಅಮಾಟಾಕ್ಸಿನ್ ಎಂಬ ವಿಷ ಇರುವ ಅಣಬೆ ತಿಂದರೆ ಆರು ತಾಸು, ಕೆಲವೊಮ್ಮೆ ಹನ್ನೆರಡು ತಾಸು ಏನೂ ತಿಳಿಯುವುದಿಲ್ಲ. ವಾಂತಿಭೇದಿ ಹತ್ತುವಷ್ಟರಲ್ಲಿ ವಿಷ ಯಕೃತ್ತಿಗೆ ಇಳಿದಿರುತ್ತದೆ. ಬೇಯಿಸಿದರೂ ಅದು ಹೋಗದು. ಸೈಲೊಸೈಬಿನ್ನಂತೂ 1985ರ ಮಾದಕವಸ್ತು ಕಾಯ್ದೆಯ ಪಟ್ಟಿಯಲ್ಲೇ ಇದೆ.

ಸಂಜೆ ಕಾಯಿತುರಿ, ಸೂಜಿಮೆಣಸು ಅರೆದು ಹುತ್ತದ ಅಣಬೆಯ ಸಾರು. ಈ ಸೀಮೆಯ ಎಷ್ಟೋ ಮನೆಗಳಲ್ಲಿ ಅಣಬೆ ಒಳಗೇ ಬರುವುದಿಲ್ಲ. ಇಲ್ಲಿ ವರ್ಷಕ್ಕೊಮ್ಮೆಯ ಹಬ್ಬ. ಹುಡುಗನಿಗೆ ಹುತ್ತದ ಅಣಬೆಯದೊಂದು ಟೋಪಿ ಕೊಡಿಸಿ, ಬಿಳಿ ಕಾಗದದ ಮೇಲೆ ಬೋರಲು ಹಾಕಿ ಲೋಟ ಮುಚ್ಚಿಸಿದೆ. ಬೆಳಿಗ್ಗೆ ಅದರ ಬೀಜಕಗಳು ತೆಳು ಗುಲಾಬಿ ಬಣ್ಣದ ಗೆರೆಗಳಾಗಿ ಮೂಡಿದ್ದವು. ಆತ ಕಾಗದಕ್ಕೆ ತಾರೀಖು ಬರೆದು ನೋಟುಬುಕ್ಕಿನೊಳಗಿಟ್ಟುಕೊಂಡ. ನಾನು ಯಲ್ಲಾಪುರದ ಬಸ್ಸಿಗೆ ಹೊರಟೆ.